ದಿನಕ್ಕೊಂದು ಸೀಸೆ ನೀರು

ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೋಗುವ ರೈಲುಹಾದಿಯಲ್ಲಿರುವ ಕಾಮಸಮುದ್ರದಂಥ ಊರುಗಳಲ್ಲಿ, ಶಾಲೆಯ ಮಕ್ಕಳನ್ನೂ ತರಕಾರಿಯ ಬುಟ್ಟಿಗಳನ್ನೂ ಹೊರುವ ವಾಹನವೆಂದರೆ ಬಹುಕಾಲ ಮಾರುತಿ ಓಮ್ನಿ ವ್ಯಾನೇ ಆಗಿತ್ತು. 1984ರಲ್ಲಿ ಹೊರಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಉಳಿದಿರುವ ವ್ಯಾನುಗಳಿಗೆಲ್ಲ ವಯಸ್ಸಾಗಿದೆ. ಹಳೆಯ ವ್ಯಾನು ಬಿಸಿಯೇರಿದಾಗ ಕೊಳವೆ ಬಾವಿಯ ನೀರನ್ನು ಒಂದು ಸೀಸೆ ಸುರಿದು, “ಗಾಡಿ ಸ್ವಲ್ಪ ನೀರು ಕುಡಿಯುತ್ತದೆ, ಅಷ್ಟೆ” ಎಂದು ಮುಂದೆ ಸಾಗುವುದು ವಾಡಿಕೆ. ಈ ಔಷಧವೇ ರೋಗವನ್ನು ಬೆಳೆಸುತ್ತದೆಂಬುದು ನಮ್ಮ ಅಭಿಪ್ರಾಯ.

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ನೀರು ಬಹಳ ಆಳದಿಂದ ಬರುತ್ತದೆ. ಬಂಡೆಗಳ ಸಂದಿನಲ್ಲಿ ದೀರ್ಘಕಾಲ ನಿಂತ ನೀರು ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ ಅರ್ಧ ಗ್ರಾಂ ಲವಣವೆಂದು ಇಟ್ಟುಕೊಳ್ಳೋಣ. ನಾಲ್ಕು ಲೀಟರು ನೀರನ್ನು ಒಮ್ಮೆ ತುಂಬಿ ಮುಚ್ಚಿಟ್ಟರೆ ಒಳಸೇರುವುದು ಎರಡೇ ಗ್ರಾಂ, ಅದೇನೂ ದೊಡ್ಡದಲ್ಲ. ಆದರೆ ದಿನಕ್ಕೊಂದು ಲೀಟರಿನಂತೆ ಸುರಿದರೆ ವರ್ಷಕ್ಕೆ 180 ಗ್ರಾಂ ದಾಟುತ್ತದೆ. ಸೋರುವ ನೀರಿನೊಡನೆ ಬಹುಪಾಲು ಹೊರಹೋಗಿ ಕಾಲುಭಾಗ ಮಾತ್ರ ಉಳಿಯಿತೆಂದರೂ, ರೇಡಿಯೇಟರಿನ ಸಣ್ಣ ನಳಿಗೆಗಳಿಗೆ 45 ಗ್ರಾಂ ಹೊರೆಯೇ ಸರಿ. ಕಾದ ನೀರಿನಿಂದ ಮೊದಲು ಬೇರ್ಪಡುವುದು ಸುಣ್ಣದ ಅಂಶ. ಸ್ನಾನದ ಹಂಡೆಯೊಳಗೆ ಬಿಳಿಯ ಹಕ್ಕಳೆ ಕಟ್ಟುವಂತೆ ಎಂಜಿನಿನೊಳಗೂ ಕಟ್ಟುತ್ತದೆ. ಅದು ಲೋಹಕ್ಕಿಂತ ಅನೇಕ ಪಟ್ಟು ಕಡಿಮೆ ಶಾಖವನ್ನು ದಾಟಿಸುತ್ತದೆ. ಸಾಲದೆಂಬಂತೆ, ಕಬ್ಬಿಣದ ಬ್ಲಾಕು, ಅಲ್ಯುಮಿನಿಯಂ ಹೆಡ್ಡು, ನಡುವೆ ಉಪ್ಪುನೀರು ಸೇರಿ ವಿದ್ಯುತ್‌ಕೋಶದಂತಾಗಿ ಅಲ್ಯುಮಿನಿಯಂ ಸವೆಯುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ “ನೀರು ಹೋಗುವುದೆಲ್ಲಿಗೆ?” ಎಂಬುದು. ರಬ್ಬರು ಕೊಳವೆಯ ಬಿರುಕು, ನೀರಿನ ಪಂಪಿನ ಕೆಳಗಿನ ತೇವ, ಒಣಗಿದ ಕಲೆ, ಇವನ್ನು ಕಣ್ಣಿನಿಂದಲೇ ಹುಡುಕಬಹುದು. ರೇಡಿಯೇಟರಿನ ಮುಚ್ಚಳವನ್ನು ಯಾರೂ ಸಂಶಯಿಸುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಈ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳವು ಅಡುಗೆಮನೆಯ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಏರಿಸುತ್ತದೆ. ಅದರ ರಬ್ಬರು ಸವೆದರೆ ನೀರು ಬೇಗ ಕುದಿದು ಚೆಲ್ಲುತ್ತದೆ. ಇದೇ ಕಾರಣದಿಂದ, ಬಿಸಿಯಾಗಿರುವಾಗ ಮುಚ್ಚಳ ತೆಗೆದವರ ಕೈಮುಖಗಳು ಬೆಂದುಹೋಗುತ್ತವೆ. ಪೂರ್ತಿ ತಣಿಯುವವರೆಗೆ ಅದನ್ನು ಮುಟ್ಟಲೇ ಬಾರದು.

ತಣಿದ ಮೇಲೆ ಒಳಗಿನ ದ್ರವವನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡುವುದು ಪ್ರಯೋಗಶಾಲೆಯ ಪಾಠದಷ್ಟೇ ಸ್ವಾರಸ್ಯಕರ. ಕೆಂಗಂದು ಬಣ್ಣವಿದ್ದರೆ ತುಕ್ಕು. ಲೋಳೆಯಂತೆ ಗಟ್ಟಿಯಾಗಿದ್ದರೆ ಒಂದಕ್ಕೊಂದು ಹೊಂದದ ಎರಡು ಬಗೆಯ ಕೂಲೆಂಟುಗಳ ಬೆರಕೆಯನ್ನು ಸಂಶಯಿಸಬೇಕು. ಎಣ್ಣೆಯ ಪಸೆ ತೇಲುತ್ತಿದ್ದರೆ ಅಥವಾ ಆಯಿಲ್ ಅಳೆಯುವ ಕಡ್ಡಿಯ ಮೇಲೆ ಹಾಲು ಬೆರೆಸಿದ ಕಾಫಿಯಂಥ ನೊರೆ ಕಂಡರೆ, ಹೆಡ್ ಗ್ಯಾಸ್ಕೆಟ್ಟು ಸುಟ್ಟಿರುವ ಸಂಭವವೇ ಹೆಚ್ಚು. ತಣ್ಣನೆಯ ಎಂಜಿನನ್ನು ಮುಚ್ಚಳ ತೆರೆದಿಟ್ಟು ಚಾಲೂ ಮಾಡಿದೊಡನೆ ಎಡೆಬಿಡದೆ ಗುಳ್ಳೆಗಳೇಳುವುದೂ ಇದನ್ನೇ ಸೂಚಿಸುತ್ತದೆ. ಅಂಥ ವ್ಯಾನಿಗೆ ಹೊಸ ರೇಡಿಯೇಟರು ಕೊಂಡರೆ ಹಣ ದಂಡ.

ಇನ್ನು ಥರ್ಮೋಸ್ಟಾಟನ್ನು ಕಿತ್ತೆಸೆಯುವ ವಿಚಾರ. “ನಮ್ಮದು ಉಷ್ಣದೇಶ, ಅದು ಬೇಕಿಲ್ಲ” ಎನ್ನುವ ಮೇಸ್ತ್ರಿಗಳಿದ್ದಾರೆ. ಕೆಟ್ಟದ್ದನ್ನು ತೆಗೆಯುವುದು ಸರಿಯೇ; ಹೊಸದನ್ನು ಹಾಕದಿರುವುದು ಸರಿಯಲ್ಲ. ಸುಮಾರು 80 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ದಾರಿ ತೆರೆಯುವ ಆ ಪುಟ್ಟ ಸಾಧನವಿಲ್ಲದಿದ್ದರೆ ಎಂಜಿನು ತಕ್ಕ ಬಿಸಿಗೆ ಬೇಗ ಬಾರದೆ ಪೆಟ್ರೋಲನ್ನು ಹೆಚ್ಚು ಸುಡುತ್ತದೆ, ಬೇಗ ಸವೆಯುತ್ತದೆ.

ಸೋರಿಕೆ ನಿಂತ ಮೇಲೆಯೇ ಒಳಗನ್ನು ತೊಳೆಯಬೇಕು. ಬಚ್ಚಲು ತಿಕ್ಕುವ ಆಸಿಡ್ ಇದಕ್ಕೆ ಸಲ್ಲದು. ಅದು ಸುಣ್ಣದೊಡನೆ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆ. ಬಳಿಕ ತುಂಬಬೇಕಾದದ್ದು ಭಟ್ಟಿ ಇಳಿಸಿದ ನೀರಿನೊಡನೆ ಬೆರೆಸಿದ ಕೂಲೆಂಟು. ಹಿಮ ಬೀಳದ ಊರಿಗೆ ಅದೇಕೆಂದು ಕೇಳುವವರುಂಟು. ಅದರಲ್ಲಿ ತುಕ್ಕುನಿರೋಧಕಗಳಿರುತ್ತವೆ, ನಮಗೆ ಬೇಕಾದದ್ದು ಮುಖ್ಯವಾಗಿ ಅದೇ. ಹೊರತೆಗೆದ ಹಳೆಯ ದ್ರವವನ್ನು ಬಕೆಟ್ಟಿನಲ್ಲಿ ಹಿಡಿದು, ಮುಚ್ಚಿದ ಡಬ್ಬಿಯಲ್ಲಿ ಗ್ಯಾರೇಜಿಗೆ ಒಪ್ಪಿಸಬೇಕೇ ಹೊರತು ಚರಂಡಿಗೆ ಚೆಲ್ಲಬಾರದು. ಕೂಲೆಂಟಿನ ಗ್ಲೈಕಾಲು ಸಿಹಿಯಾದ ವಿಷ. ಬೀದಿಯ ನಾಯಿಯೂ ಹಟ್ಟಿಯ ಕರುವೂ ಅದನ್ನು ನೆಕ್ಕಿ ಸಾಯಬಲ್ಲವು.