ಓದುವ ಹೊತ್ತು ಯಾರ ಪಾಲಿನದು?



ಯೂನಿವರ್ಸಿಟಿಯ ಸಿಲಬಸ್ಸನ್ನು ಒಂದು ಸಲ ಬಿಚ್ಚಿ ನೋಡಿ. ಇಂಗ್ಲಿಷ್ ಪತ್ರಿಕೆಯ ಮುಂದೆ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಕೌಶಲಗಳ ಹೆಸರಿರುತ್ತದೆ. ಪಕ್ಕದಲ್ಲೇ ಕ್ರೆಡಿಟ್ಟು. ಈ ಕ್ರೆಡಿಟ್ಟು ಅಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ಟಿಗೆ 30 ಗಂಟೆಯ ಕಲಿಕೆ. ಮೂರು ಕ್ರೆಡಿಟ್ಟಿನ ಪತ್ರಿಕೆ ಅಂದುಕೊಂಡರೆ 90 ಗಂಟೆ. ವಾರಕ್ಕೆ ಮೂರು ಕ್ಲಾಸಿನ ಲೆಕ್ಕದಲ್ಲಿ 15 ವಾರಕ್ಕೆ 45 ಗಂಟೆ ಕ್ಲಾಸಿನಲ್ಲಿ ಕಳೆಯಿತು. ಮಿಕ್ಕ 45? ಅದು ವಿದ್ಯಾರ್ಥಿಯ ಸ್ವಯಂ ಅಧ್ಯಯನವಂತೆ.

ಅಂದರೆ ಅರ್ಧ ಇಂಗ್ಲಿಷನ್ನು ಮೇಷ್ಟ್ರು ಕಲಿಸುತ್ತಾರೆ, ಮಿಕ್ಕರ್ಧವನ್ನು ಮನೆ ಕಲಿಸಬೇಕು. ಯಾರ ಮನೆ ಸ್ವಾಮಿ?

ಈ ಲೆಕ್ಕ ಬರೆದವರ ತಲೆಯಲ್ಲಿ ಒಂದು ಮನೆಯಿದೆ. ಆ ಮನೆಯಲ್ಲೊಂದು ಕೋಣೆ, ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ದೀಪ. ಕದ ಹಾಕಿಕೊಂಡರೆ ಸದ್ದಿಲ್ಲ. ಊಟಕ್ಕೆ ಕೂತಾಗ ಅಪ್ಪ ಇಂಗ್ಲಿಷ್ ಪೇಪರಿನ ಸುದ್ದಿ ಹೇಳುತ್ತಾನೆ, ಮಗ ತಪ್ಪಾಡಿದರೆ ಅಕ್ಕ ತಿದ್ದುತ್ತಾಳೆ. ಆ ಮನೆ ಶಿವಾರಪಟ್ಟಣದ ನಮ್ಮ ಕೇರಿಯಲ್ಲಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನ ಶೆಡ್ಡುಗಳಲ್ಲಿಲ್ಲ. ಶ್ರೀನಿವಾಸಪುರದ ಮಾವಿನ ತೋಪು ಕಾಯುವವರ ಗುಡಿಸಲಲ್ಲಿಲ್ಲ. ಹಾಸ್ಟೆಲ್ಲಿನಲ್ಲಿ ಒಂದು ಟ್ಯೂಬ್‌ಲೈಟಿನ ಕೆಳಗೆ ಹತ್ತು ಟ್ರಂಕು. ಒಬ್ಬ ಓದುತ್ತಿದ್ದರೆ ಇನ್ನೊಬ್ಬ ಊರಿಗೆ ಫೋನು ಹಚ್ಚಿರುತ್ತಾನೆ, ಮತ್ತೊಬ್ಬ ಭಾನುವಾರವೆಲ್ಲ ಛತ್ರದಲ್ಲಿ ಎಲೆ ಬಡಿಸಿ ಬಂದು ಅಂಗಿ ಬಿಚ್ಚದೆ ಮಲಗಿರುತ್ತಾನೆ. 45 ಗಂಟೆಯನ್ನು ಎಲ್ಲಿಂದ ತರೋದು? ತರದಿದ್ದರೆ ನಮಗಿಡುವ ಹೆಸರು ರೆಡಿಯಾಗಿದೆ: ಸೋಮಾರಿಗಳು. ಸರ್ಕಾರದ ಅನ್ನ ತಿಂದು ಮಲಗುವವರು.

ಶಿವಾರಪಟ್ಟಣ ಕಲ್ಲಿನ ಊರು. ಇಲ್ಲಿ ಕೆತ್ತಿದ ದೇವರುಗಳು ಎಲ್ಲೆಲ್ಲಿಗೋ ಲಾರಿ ಹತ್ತಿ ಹೋಗುತ್ತವೆ. ಆ ಶೆಡ್ಡುಗಳ ಮುಂದೆ ನಿಂತು ನೋಡಿ. ಕಸುಬಿನ ಮನೆಯ ಹುಡುಗನ ಕೈಗೆ ಯಾರೂ ಪುಸ್ತಕ ಕೊಟ್ಟು 'ಸ್ವಯಂ ಅಧ್ಯಯನ ಮಾಡು ಹೋಗು' ಅನ್ನುವುದಿಲ್ಲ. ಅಪ್ಪನ ಪಕ್ಕ ಕೂರುತ್ತಾನೆ. ಉಳಿ ಹಿಡಿಯುತ್ತಾನೆ, ಗೆರೆ ಎಳೆಯುತ್ತಾನೆ, ಕಲ್ಲು ಮಟ್ಟ ಮಾಡುತ್ತಾನೆ, ಕೆಡಿಸುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ಕೂರುತ್ತಾನೆ. ದೇವರ ಮುಖದವರೆಗೆ ಬರಲು ವರ್ಷಗಳು ಬೇಕು. ಮನೆಯೇ ಅವನ ಶಾಲೆ. ಕುಲಕಸುಬು ಅಂದರೆ ಅದು.

ನಾವು ಹೇಳುವುದಿಷ್ಟು. ಇಂಗ್ಲಿಷೂ ಈ ದೇಶದಲ್ಲಿ ಒಂದು ಕುಲಕಸುಬಾಗಿ ಕೂತಿದೆ. ಅಪ್ಪನಿಂದ ಮಗನಿಗೆ, ಊಟದ ಮನೆಯಲ್ಲಿ, ಕಿವಿಯಿಂದ ಕಿವಿಗೆ ದಾಟುತ್ತದೆ. ಆಮೇಲೆ ಅದಕ್ಕೆ ಪ್ರತಿಭೆ ಎಂದು ಹೆಸರಿಟ್ಟು ಮಾರ್ಕ್ಸ್ ಕೊಡುತ್ತಾರೆ.

ಇಲ್ಲ ಇಲ್ಲ, ಛಲ ಇದ್ದರೆ ಯಾರು ಬೇಕಾದರೂ ಕಲಿಯಬಹುದು ಎನ್ನುವ ಮೇಷ್ಟ್ರುಗಳಿದ್ದಾರೆ. ಅವರು ಕೊಡುವ ಉದಾಹರಣೆಯೂ ನಮ್ಮ ಜಿಲ್ಲೆಯದೇ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ, ಆದರೂ ಇಂಗ್ಲಿಷ್ ಪತ್ರಿಕೆ ನಡೆಸಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು, ಬರೆದದ್ದು ಕನ್ನಡದಲ್ಲಿ. ಅವರ ಶ್ರಮವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಪುಸ್ತಕವಿದ್ದ ಮನೆಯ ಬಾಗಿಲು ಅವರಿಗೆ ಮುಚ್ಚಿರಲಿಲ್ಲ, ಕೇಳಿದರೆ ಹೇಳಿಕೊಡುವ ಪಂಡಿತರ ಜಗಲಿಯಲ್ಲಿ ಅವರಿಗೆ ಜಾಗವಿತ್ತು. ಆ ಜಗಲಿಯನ್ನು ಲೆಕ್ಕದಿಂದ ಬಿಟ್ಟು ಬರೀ ಛಲವನ್ನು ನಮಗೆ ತೋರಿಸಬೇಡಿ.

ನಮ್ಮ ಬಾಬಾಸಾಹೇಬರನ್ನೇ ನೋಡಿ. ಮುಂಬಯಿಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಪ್ಪ ರಾಮಜಿ ಸಕ್ಪಾಲರು ರಾತ್ರಿ ಎರಡು ಗಂಟೆವರೆಗೆ ಎಚ್ಚರವಿದ್ದು, ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಮಗ ಎದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. 1913ರಲ್ಲಿ ಕೊಲಂಬಿಯಾಕ್ಕೆ ಹೋದ ಹುಡುಗನ ಹಿಂದೆ ಆ ನಿದ್ದೆಗೆಟ್ಟ ಅಪ್ಪನಿದ್ದಾನೆ. ಅಂಬೇಡ್ಕರ್ ಒಬ್ಬರೇ ಓದಿದರು ಎಂದು ಭಾಷಣದಲ್ಲಿ ಹೇಳುವವರು ಆ ಅಪ್ಪನನ್ನು ಮರೆಯುತ್ತಾರೆ. ನಮ್ಮ ಅಪ್ಪಂದಿರೂ ನಿದ್ದೆ ಕೆಡಬಲ್ಲರು. ಆದರೆ ಬೆಳಗಿನ ಪಾಳಿಗೆ ಗೂಡಿನ ಹತ್ತಿರ ಹೋಗಬೇಕಲ್ಲ!

ಇನ್ನು ಇಂಗ್ಲಿಷ್ ಬೇಕೇ ಎಂಬ ಹಳೆಯ ಜಗಳ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಊರೂರಿಗೆ ಬೆಂಕಿ ಬಿತ್ತು. ಹಾಸ್ಟೆಲ್ಲಿನ ನಮ್ಮ ಅಣ್ಣಂದಿರಿಗೆ ಏಟು ಬಿದ್ದವು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಇಂಗ್ಲಿಷ್ ಕಲಿಯಿರಿ ಎಂಬ ಅವರ ಮಾತು ಆ ಗಲಾಟೆಯಲ್ಲಿ ಕಾಲ್ತುಳಿತಕ್ಕೆ ಸಿಕ್ಕಿತು. ಅಂದು ಕನ್ನಡಕ್ಕಾಗಿ ಕಲ್ಲು ಹಿಡಿದು ಬೀದಿಗಿಳಿದವರ ಮೊಮ್ಮಕ್ಕಳು ಇಂದು ಯಾವ ಮೀಡಿಯಂನಲ್ಲಿ ಓದುತ್ತಿದ್ದಾರೆ? ಯಾರಾದರೂ ಒಂದು ಪಟ್ಟಿ ಮಾಡಿ ನಮ್ಮ ಪತ್ರಿಕೆಗೆ ಕಳಿಸಿದರೆ ಮೊದಲ ಪುಟದಲ್ಲೇ ಹಾಕುತ್ತೇವೆ.

ಹಾಗಂತ ಇಂಗ್ಲಿಷಿಗೆ ಅಡ್ಡಬೀಳುವುದೂ ಬೇಡ. 2010ರಲ್ಲಿ ಉತ್ತರಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ಚಂದ್ರಭಾನ್ ಪ್ರಸಾದ್ ಮುಂತಾದವರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಕೈಯಲ್ಲಿ ಪೆನ್ನು, ಕಾಲ ಕೆಳಗೆ ಕಂಪ್ಯೂಟರ್. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆರ್ಡರ್ ಕೊಟ್ಟರೆ ಶಿವಾರಪಟ್ಟಣದಲ್ಲಿ ಆ ದೇವಿಯನ್ನೂ ಚೆನ್ನಾಗಿಯೇ ಕೆತ್ತಿಕೊಟ್ಟಾರು. ಆದರೆ ಗುಡಿ ಎದ್ದ ಮೇಲೆ ಪೂಜಾರಿ ಬರುತ್ತಾನೆ, ಹೊಸಿಲು ಬರುತ್ತದೆ, ಹೊಸಿಲಾಚೆ ನಿಲ್ಲುವವರು ಮತ್ತೆ ನಾವೇ. ನಮಗೆ ಇಂಗ್ಲಿಷ್ ಬೇಕಾಗಿರುವುದು ಉಳಿಯ ಹಾಗೆ, ಸುತ್ತಿಗೆಯ ಹಾಗೆ.

ಯಾವ ಕಲ್ಲಿಗೆ? ಕೇಳಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ಅಂದು ಆ ಊರು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. 2006ರಲ್ಲಿ ಆರೋಪಿಗಳ ಖುಲಾಸೆ, 2014ರಲ್ಲಿ ಹೈಕೋರ್ಟೂ ಖುಲಾಸೆಯನ್ನು ಎತ್ತಿಹಿಡಿಯಿತು. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷು. ನಮ್ಮವರ ಸಾವಿಗೆ ಯಾರೂ ಹೊಣೆಯಲ್ಲ ಎಂದ ಆ ಹಾಳೆಗಳನ್ನು ಓದಿ, ಯಾವ ಸಾಕ್ಷಿ ಎಲ್ಲಿ ಮುರಿಯಿತು ಎಂದು ಕೇರಿಗೆ ಬಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ? 2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಶಾಲಾ ಹುಡುಗನ ಮನೆಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲೂ ಬಂತು. ಅದನ್ನು ಓದಿ 'ಇದು ಸರಿ, ಇಲ್ಲಿ ಒಂದು ಮಾತು ಬಿಟ್ಟಿದ್ದಾರೆ' ಎಂದು ಸಂಪಾದಕರಿಗೆ ನಾಲ್ಕು ಸಾಲು ಬರೆಯಬೇಕಾದವರು ನಾವು. ನರಸಾಪುರದ ಫ್ಯಾಕ್ಟರಿಗಳಿಗೆ ಗುತ್ತಿಗೆ ಮೇಲೆ ಹೋಗುವ ನಮ್ಮ ತಮ್ಮಂದಿರು ಸಹಿ ಹಾಕುವ ಕಾಗದವನ್ನು ಸಹಿಗೆ ಮುಂಚೆ ಓದಿ ಹೇಳಬೇಕಾದವರೂ ನಾವೇ.

ಇದನ್ನೆಲ್ಲ ಬಜಾರಿನ ಗೈಡು ಕಲಿಸುವುದಿಲ್ಲ. ಗೈಡಿನಿಂದ ಪಾಸಾಗಬಹುದು. ಉತ್ತರ ಬಾಯಿಪಾಠ ಮಾಡಿ, ಪರೀಕ್ಷೆ ಹಾಲಿನಲ್ಲಿ ಕಕ್ಕಿ, ಡಿಗ್ರಿ ತಗೊಂಡು, ಇಂಟರ್‌ವ್ಯೂನಲ್ಲಿ 'ನಿಮ್ಮ ಬಗ್ಗೆ ಹೇಳಿ' ಅಂದಾಗ ನೆಲ ನೋಡುತ್ತೇವೆ. ಗೈಡು ಬರೆಯುವವನಿಗೂ, ಪಾಸಾದರೆ ಸಾಕು ಅನ್ನುವ ಕಾಲೇಜಿಗೂ ಇದು ಅನುಕೂಲ. ಪಾಸಾದ ಮೂಗರು ಅವರಿಗೆ ಬೇಕು.

ಹಾಗಾದರೆ ಏನು ಮಾಡೋಣ? ಮನೆ ಇಲ್ಲದಿದ್ದರೆ ಹಾಸ್ಟೆಲ್ಲನ್ನೇ ಕಸುಬಿನ ಶೆಡ್ಡು ಮಾಡೋಣ. ಒಬ್ಬೊಬ್ಬರೇ ಬೇಡ. ಐದಾರು ಜನರ ಒಂದು ಗುಂಪು. 45 ಗಂಟೆಯನ್ನು 15 ವಾರಕ್ಕೆ ಹಂಚಿದರೆ ವಾರಕ್ಕೆ ಮೂರು ಗಂಟೆ, ಆರು ದಿನಕ್ಕೆ ದಿನಕ್ಕರ್ಧ ಗಂಟೆ. ಅರ್ಧ ಗಂಟೆ ಎಂದು ಮೂಗು ಮುರಿಯಬೇಡಿ. ಪರೀಕ್ಷೆ ಹಿಂದಿನ ರಾತ್ರಿಯ ಹತ್ತು ಗಂಟೆಗಿಂತ ದಿನಾ ಬರುವ ಅರ್ಧ ಗಂಟೆ ಮೇಲು, ಉಳಿ ಹಿಡಿಯುವವರನ್ನು ಕೇಳಿ. ಬೆಳಗ್ಗೆ ನೀರಿಗೆ ಕ್ಯೂ ನಿಲ್ಲುವ ಮುಂಚೆಯೋ ರಾತ್ರಿ ಊಟ ಆದ ಮೇಲೋ ನೀವೇ ಗೊತ್ತು ಮಾಡಿಕೊಳ್ಳಿ. ಭಾನುವಾರ ಬೇಡ, ಕೂಲಿಗೆ ಹೋಗುವವರಿದ್ದಾರೆ.

ಮೊದಲ ದಿನ ಪಾಠ ತೆರೆಯಬೇಡಿ. ಹಳೆ ಪ್ರಶ್ನೆಪತ್ರಿಕೆ ಮೂರು ನಾಲ್ಕು ತಂದು ನಡುವೆ ಹರವಿಕೊಳ್ಳಿ. ಏನು ಕೇಳುತ್ತಾರೆ, ಯಾವುದಕ್ಕೆ ಎಷ್ಟು ಮಾರ್ಕ್ಸು ನೋಡಿ. ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 15 ವಾರ ಆದ ಮೇಲೆ ನಮ್ಮ ಕೈಲಿ ಏನಾಗಬೇಕು ಎಂದು ಬರೆಯಿರಿ. 'ಇಂಗ್ಲಿಷ್ ಇಂಪ್ರೂವ್ ಮಾಡಬೇಕು' ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಒಂದು ಅರ್ಜಿ ತಪ್ಪಿಲ್ಲದೆ ಬರೆಯಬೇಕು, ಪೇಪರಿನ ಒಂದು ಸುದ್ದಿ ಗೈಡಿಲ್ಲದೆ ಓದಬೇಕು, ಐದು ನಿಮಿಷ ನಿಂತು ಮಾತಾಡಬೇಕು. ಹೀಗೆ ಬರೆದರೆ ಆಯಿತೋ ಇಲ್ಲವೋ ಎಂದು ಆಮೇಲೆ ನೀವೇ ಅಳೆದು ನೋಡಬಹುದು.

ಓದಲು ಏನು? ನಮಗೆ ಗೊತ್ತಿರುವ ಬದುಕನ್ನೇ ಓದೋಣ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಬರಹ ಇದೆ. ಅವರ ದೊಡ್ಡ ಗ್ರಂಥಗಳ ಹಾಗೆ ಕಷ್ಟದ ಇಂಗ್ಲಿಷಲ್ಲ. 1901ರಲ್ಲಿ ಹುಡುಗರು ಅಪ್ಪನನ್ನು ನೋಡಲು ಹೊರಟು, ಎತ್ತಿನ ಗಾಡಿಯಲ್ಲಿ ಹೋಗುತ್ತಾ, ಕುಡಿಯಲು ನೀರು ಸಿಗದೆ ರಾತ್ರಿ ಕಳೆದದ್ದು. 1929ರಲ್ಲಿ ಚಾಳೀಸ್‌ಗಾಂವಿನಲ್ಲಿ ಟಾಂಗಾದಿಂದ ಬಿದ್ದದ್ದು. 1934ರಲ್ಲಿ ದೌಲತಾಬಾದ್ ಕೋಟೆಯ ಕೊಳದ ನೀರು ಮುಟ್ಟಿದರೆಂದು ಬಂದ ಜಗಳ. ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಅದನ್ನು ಪಾಠಕ್ಕಿಟ್ಟಿದ್ದಾರೆ. ಅಲ್ಲಿನವರಿಗೆ ಅಡಿಟಿಪ್ಪಣಿ ಬೇಕು, ನಮಗೆ ಬೇಡ. ಬಿಂದಿಗೆಯ ಅರ್ಥ ನಮಗೆ ಗೊತ್ತು, ಶಬ್ದ ಮಾತ್ರ ಹೊಸತು. ದಿನಕ್ಕೊಂದು ಪ್ಯಾರಾ ಸಾಕು. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕನ್ನಡದಲ್ಲಿ ಹೇಳಲಿ. ಆಮೇಲೆ ಪುಸ್ತಕ ಮುಚ್ಚಿ ಅದೇ ಪ್ಯಾರಾವನ್ನು ನೆನಪಿನಿಂದ ಇಂಗ್ಲಿಷಿನಲ್ಲಿ ಬರೆದು, ಪುಸ್ತಕ ತೆರೆದು ಹೋಲಿಸಿ. ನಿಮ್ಮ ತಪ್ಪು ನಿಮ್ಮ ಕಣ್ಣಿಗೇ ಬೀಳುತ್ತದೆ, ಮೇಷ್ಟ್ರ ಕೆಂಪು ಶಾಯಿ ಬೇಕಿಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಎಸ್.ಆರ್. ರಾಮಕೃಷ್ಣ ಇಂಗ್ಲಿಷಿಗೆ ತಂದಿದ್ದಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವೂ ಇಂಗ್ಲಿಷಿನಲ್ಲಿದೆ. ಕನ್ನಡದ ಪುಟ ಎಡಕ್ಕೆ, ಇಂಗ್ಲಿಷಿನ ಪುಟ ಬಲಕ್ಕೆ ಇಟ್ಟುಕೊಂಡು ಓದಿದರೆ ಅದಕ್ಕಿಂತ ಒಳ್ಳೆ ಗೈಡು ಇನ್ನೊಂದಿಲ್ಲ. ಕೇಳುವುದಕ್ಕೂ ಇದೇ ಉಪಾಯ. ಆಕಾಶವಾಣಿಯ ಕನ್ನಡ ವಾರ್ತೆ ಕೇಳಿ, ಆಮೇಲೆ ಇಂಗ್ಲಿಷ್ ವಾರ್ತೆ ಕೇಳಿ. ಸುದ್ದಿ ಆಗಲೇ ತಲೆಯಲ್ಲಿರುತ್ತದೆ, ಕಿವಿ ಶಬ್ದಗಳನ್ನು ಹಿಡಿಯುತ್ತದೆ.

ಮಾತಾಡುವುದೇ ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ನಗುತ್ತಾರೆ. ನಮ್ಮ ಹುಡುಗರೇ ನಗುತ್ತಾರೆ. 'ಏಮಿರಾ, ದೊರೆ ಆಗ್ಬಿಟ್ಯಾ' ಅಂತಾರೆ. ಈ ನಗು ಮೇಲಿನವರು ನಮ್ಮ ಬಾಯಿಗೆ ಹಾಕಿದ ಬೀಗ, ಬೀಗದ ಕೈಯನ್ನು ನಮ್ಮ ಕೈಗೇ ಕೊಟ್ಟಿದ್ದಾರೆ. ನಮ್ಮ ನಾಲಗೆಗೇನು ಕಡಿಮೆ? ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಕಡೆ ಹೋದರೆ ತಮಿಳು, ಸಂತೆಯಲ್ಲಿ ಉರ್ದು. ಯಾವ ಗ್ರಾಮರು ಓದಿ ಕಲಿತೆವು? ಜನ ನಮ್ಮ ಹತ್ತಿರ ಆಡಿದರು, ನಾವು ಆಡಿದೆವು. ಇಂಗ್ಲಿಷಿನಲ್ಲಿ ನಮ್ಮ ಹತ್ತಿರ ಯಾರೂ ಆಡಲಿಲ್ಲ, ಅಷ್ಟೇ. ಗುಂಪಿನಲ್ಲಿ ಒಂದು ಕಟ್ಟು ಮಾಡಿ: ಆಡುತ್ತಿರುವವರನ್ನು ನಡುವೆ ತಡೆಯುವಂತಿಲ್ಲ. ನಕ್ಕವರು ಮರುದಿನ ಐದು ನಿಮಿಷ ಮಾತಾಡಬೇಕು.

ಹುಡುಗಿಯರ ಹಾಸ್ಟೆಲ್ಲಿನ ಅಕ್ಕತಂಗಿಯರಿಗೆ ಇನ್ನೊಂದು ಗೋಡೆಯಿದೆ. ಕತ್ತಲಾಗುವ ಮುಂಚೆ ಗೇಟು ಬೀಳುತ್ತದೆ. ಪಂಚಾಯ್ತಿ ಲೈಬ್ರರಿಗೆ 'ಅರಿವು ಕೇಂದ್ರ' ಎಂದು ಹೊಸ ಬೋರ್ಡು ಬಂದಿದೆ, ಆ ಅರಿವು ತೆರೆದಿರುವ ಹೊತ್ತಿಗೆ ಇವರು ಬಸ್ಸಿನಲ್ಲಿರುತ್ತಾರೆ. ಹಾಗಾಗಿ ಪುಸ್ತಕವೇ ಗೇಟಿನೊಳಕ್ಕೆ ಬರಬೇಕು. ಇದನ್ನು ಕೇಳಲು ಹುಡುಗರನ್ನು ಕಾಯಬೇಕಿಲ್ಲ.

ನಾವು ಹೀಗೆ ಕೂತ ಮಾತ್ರಕ್ಕೆ ಸರ್ಕಾರದ ಹೊಣೆ ತೀರಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಅಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ವರ್ಷ ಎಳೆಯುವುದು, ಮೊಟಕು ಮಾಡುವುದು ನಡೆದೇ ಇದೆ. ಓದುವ ಕೋಣೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. 45 ಗಂಟೆಯ ಸ್ವಯಂ ಅಧ್ಯಯನ ಬೇಕು ಅಂದವರು ಅದಕ್ಕೆ ಜಾಗವನ್ನೂ ದೀಪವನ್ನೂ ಕೊಡಬೇಕು.

ಆದ್ದರಿಂದ ಗುಂಪಿನ ಮೊದಲ ಬರವಣಿಗೆಯ ಪಾಠ ಒಂದು ಅರ್ಜಿ. ವಾರ್ಡನ್ನಿಗೆ, ಪ್ರತಿ ತಾಲ್ಲೂಕು ಸಮಾಜ ಕಲ್ಯಾಣ ಇಲಾಖೆಗೆ. ರಾತ್ರಿ 11ರವರೆಗೆ ದೀಪ ಉರಿಯುವ ಒಂದು ಓದುವ ಕೋಣೆ. ಕೋಣೆಗೊಂದು ಇಂಗ್ಲಿಷ್–ಕನ್ನಡ ನಿಘಂಟು. ವಾರಕ್ಕೆ ಎರಡು ಸಂಜೆ ಹಾಸ್ಟೆಲ್ಲಿಗೇ ಬಂದು ಕೂರುವ ಒಬ್ಬ ಇಂಗ್ಲಿಷ್ ಮೇಷ್ಟ್ರು. ಗೈಡು ನೋಡದೆ, ನಾಲ್ಕು ಜನ ಜಗಳವಾಡಿ, ಇಂಗ್ಲಿಷಿನಲ್ಲೇ ಬರೆಯಿರಿ. ಕಚೇರಿಯ ಭಾಷೆ ಕನ್ನಡ, ಕನ್ನಡದ ಪ್ರತಿಯನ್ನೂ ಲಗತ್ತಿಸಿ, ಇಲ್ಲದಿದ್ದರೆ ಅದೇ ನೆಪ ಹೇಳಿ ವಾಪಸು ಕಳಿಸುತ್ತಾರೆ. ಎಲ್ಲರೂ ಸಹಿ ಹಾಕಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡು, ಒಂದು ನಕಲನ್ನು ಮುಂದಿನ ಸಭೆಗೆ ತನ್ನಿ.