ಲಿಂಕನ್ ಪಾಠದಲ್ಲಿ ಕಾಣೆಯಾದವರು

ಶಿಕ್ಷಕರ ದಿನ ಬಂತು ಅಂದ್ರೆ ಸಾಕು, ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ ಅಂತ ಒಂದು ವಾಟ್ಸಾಪ್‌ನಲ್ಲಿ ಓಡಾಡೋಕೆ ಶುರುವಾಗುತ್ತೆ. ಎಷ್ಟೋ ಶಾಲೆಗಳಲ್ಲಿ ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೂ ಹೊಡೆದಿದ್ದಾರೆ. ಲಿಂಕನ್ ಬರೆದ ಪತ್ರ, ಭಾಷಣಗಳ ಸಂಪುಟಗಳಲ್ಲಿ ಅಂಥದ್ದೊಂದು ಪತ್ರವೇ ಇಲ್ಲ. ಹೋಗ್ಲಿ ಬಿಡಿ, ಒಳ್ಳೆ ಮಾತಿದೆ, ಯಾರು ಬರೆದ್ರೇನು ಅನ್ನಬಹುದು. ನನ್ನ ತಕರಾರು ಆ ಪತ್ರದ ಮೇಲಲ್ಲ. ಆ ಪತ್ರದೊಳಗಿನ ಕರುಣಾಮಯಿ ಲಿಂಕನ್ನೇ ನಮ್ಮ ಮಕ್ಕಳ ಪಾಠದಲ್ಲೂ ಕೂತಿದ್ದಾನಲ್ಲ, ತಕರಾರು ಅದರ ಮೇಲೆ. ಒಂದು ದಿನ ಅವನ ಮನಸ್ಸು ಕರಗಿತು, ಸಹಿ ಹಾಕಿದ, ಗುಲಾಮರೆಲ್ಲ ಬಿಡುಗಡೆಯಾದ್ರು. ಗುಲಾಮರ ವಿಮೋಚಕ ಯಾರು? ಒಂದು ಅಂಕ. ಮುಗೀತು.

ಅಲ್ಲಾ, ಈ ಕಥೆಯಲ್ಲಿ ಗುಲಾಮರು ಏನು ಮಾಡ್ತಿದ್ರು? 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ರು. ಅಷ್ಟೂ ಜನ ಕೈಕಟ್ಟಿಕೊಂಡು ಒಬ್ಬ ದೊಡ್ಡ ಮನುಷ್ಯನ ಸಹಿಗೆ ಕಾಯ್ತಾ ಕೂತಿದ್ರಾ?

ನಾನು ಭಾನುವಾರ ಭಾನುವಾರ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಇತಿಹಾಸ ಹೇಳ್ತೀನಿ. ಅಲ್ಲಿ ಈ ಪಾಠವನ್ನ ಶ್ವೇತಭವನದಿಂದ ಶುರು ಮಾಡಲ್ಲ, ವರ್ಜೀನಿಯಾದ ಫೋರ್ಟ್ ಮನ್ರೋ ಕೋಟೆಯಿಂದ ಶುರು ಮಾಡ್ತೀನಿ. 1861ರ ಮೇ ತಿಂಗಳು. ಉತ್ತರ-ದಕ್ಷಿಣದ ಯುದ್ಧ ಶುರುವಾಗಿ ಇನ್ನೂ ಒಂದೂವರೆ ತಿಂಗಳೂ ಆಗಿಲ್ಲ. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಅನ್ನೋ ಮೂವರು ಗುಲಾಮರನ್ನ ದಕ್ಷಿಣದ ಸೈನ್ಯದ ಫಿರಂಗಿ ನೆಲೆ ಕಟ್ಟೋ ಕೆಲಸಕ್ಕೆ ಹಚ್ಚಿದ್ರು. ರಾತ್ರೋರಾತ್ರಿ ಈ ಮೂವರು ದೋಣಿ ಹತ್ತಿ ಉತ್ತರದವರ ಕೋಟೆ ಸೇರಿಕೊಂಡ್ರು. ಅವರ ಒಡೆಯನ ಕಡೆಯವನು ಬಂದು, ನಮ್ಮ ಆಳುಗಳನ್ನ ವಾಪಸ್ ಕೊಡಿ, ಕಾನೂನು ಹಾಗೇ ಹೇಳುತ್ತೆ ಅಂದ. ಜನರಲ್ ಬಟ್ಲರ್ ವಕೀಲನೂ ಆಗಿದ್ದವನು. ನೀವು ದೇಶ ಬಿಟ್ಟು ಹೋಗ್ತೀವಿ ಅಂದ ಮೇಲೆ ದೇಶದ ಕಾನೂನು ನಿಮಗ್ಯಾಕೆ ಅನ್ನೋದು ಅವನ ಉತ್ತರ. ಆದ್ರೆ ಇವರನ್ನ ಇಟ್ಟುಕೊಂಡಿದ್ದು ಮನುಷ್ಯರು ಅಂತಲ್ಲ, ಶತ್ರುವಿನಿಂದ ವಶಪಡಿಸಿಕೊಂಡ ಯುದ್ಧದ ಸರಕು ಅಂತ! ಹೆಸರು ಏನಾದ್ರೂ ಇರಲಿ, ಸುದ್ದಿ ಹಬ್ಬಿತು. ಕೆಲವೇ ವಾರಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ನೂರಾರು ಜನ ಆ ಕೋಟೆಗೆ ಬಂದ್ರು. ಆಮೇಲೆ ಉತ್ತರದ ಸೈನ್ಯ ಹೋದ ಕಡೆಯೆಲ್ಲ ಹೀಗೇ ಆಯ್ತು. ಬಂದವರನ್ನ ಏನು ಮಾಡೋದು ಅನ್ನೋ ಪ್ರಶ್ನೆ ವಾಷಿಂಗ್ಟನ್‌ನ ಬಾಗಿಲಿಗೆ ಹೋಗಿ ಕೂತಿತು. ಕಾಂಗ್ರೆಸ್ 1861ರಲ್ಲಿ ಒಂದು, 1862ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯ್ತು.

ಆಗ ಲಿಂಕನ್ ಏನು ಮಾಡ್ತಿದ್ದ? ತಮ್ಮ ವ್ಯಾಪ್ತಿಯಲ್ಲಿ ಗುಲಾಮರನ್ನ ಬಿಡುಗಡೆ ಮಾಡ್ತೀವಿ ಅಂತ ಇಬ್ಬರು ಜನರಲ್‌ಗಳು ಹೊರಡಿಸಿದ ಆದೇಶಗಳನ್ನ ತಡೆದ. 1862ರ ಆಗಸ್ಟ್‌ನಲ್ಲಿ ಕಪ್ಪು ಜನರ ಐವರು ಪ್ರತಿನಿಧಿಗಳನ್ನ ಕರೆಸಿ, ನೀವು ಈ ದೇಶ ಬಿಟ್ಟು ಬೇರೆ ಕಡೆ ಹೋಗಿ ನೆಲೆಸೋದು ಇಬ್ಬರಿಗೂ ಒಳ್ಳೇದು ಅಂದ. ಅದೇ ವರ್ಷ ಏಪ್ರಿಲ್‌ನಲ್ಲಿ ರಾಜಧಾನಿಯಲ್ಲಿ ಗುಲಾಮಗಿರಿ ರದ್ದಾದಾಗ ಒಬ್ಬೊಬ್ಬ ಗುಲಾಮನಿಗೆ 300 ಡಾಲರ್ ವರೆಗೆ ಪರಿಹಾರ ಸಿಕ್ಕಿತು. ಇದನ್ನ ಹೇಳ್ತಿದ್ದಾಗ ಒಬ್ಬಳು ಹುಡುಗಿ, “ಪಾಪ, ಅಷ್ಟು ವರ್ಷ ದುಡಿದಿದ್ದಕ್ಕೆ ಅಷ್ಟೇನಾ ಅಣ್ಣ?” ಅಂದ್ಲು. ಇಲ್ಲಮ್ಮ, ಅದು ದುಡಿದವರಿಗಲ್ಲ, ಒಡೆಯರಿಗೆ ಅಂದೆ. ಕ್ಲಾಸು ಸ್ವಲ್ಪ ಹೊತ್ತು ಗಪ್‌ಚುಪ್.

1863ರ ಜನವರಿ 1ರ ವಿಮೋಚನಾ ಘೋಷಣೆಯನ್ನೂ ಮಕ್ಕಳ ಕೈಗೆ ಭೂಪಟ ಕೊಟ್ಟೇ ಓದಿಸಬೇಕು. ಅದು ದಂಗೆ ಎದ್ದ ಪ್ರದೇಶಗಳಿಗೆ ಮಾತ್ರ. ಉತ್ತರದ ಜೊತೆ ಉಳಿದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿಯ ಗುಲಾಮರನ್ನ ಅದು ಮುಟ್ಟಲಿಲ್ಲ. ಆದ್ರೆ ಅದರಲ್ಲೇ ಇನ್ನೊಂದು ಮಾತಿತ್ತು: ಬಿಡುಗಡೆಯಾದವರನ್ನ ಸೈನ್ಯಕ್ಕೆ ಸೇರಿಸಿಕೊಳ್ತೀವಿ ಅನ್ನೋದು. ನನ್ನ ಪ್ರಕಾರ ಬೆಂಕಿ ಇದ್ದಿದ್ದು ಅಲ್ಲಿ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪರ ಬಂದೂಕು ಹಿಡಿದಿದ್ರು. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ 3 ಡಾಲರ್ ಬಟ್ಟೆಗೆ ಅಂತ ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್ ಏನು ಮಾಡ್ತು ಗೊತ್ತಾ? ಸಮಾನ ಸಂಬಳ ಕೊಡೋವರೆಗೂ ಒಂದು ಪೈಸೆಯೂ ಬೇಡ ಅಂತ ನಿಂತಿತು. ಸಂಬಳವಿಲ್ಲದೇ ಕಾದಾಡಿದ್ರು, ಸತ್ರು, ಕೈಚಾಚಲಿಲ್ಲ. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನ ಒಪ್ಪಿಕೊಳ್ತು. ಕೂಲಿಯಲ್ಲಿ ಭೇದ ಅಂದ್ರೇನು ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅವರಪ್ಪ ಅವ್ವಂದಿರನ್ನ ನೋಡಿಯೇ ಗೊತ್ತು. ಅದಕ್ಕೇ ಈ ಭಾಗ ಅವರಿಗೆ ಮರೆಯೋದೇ ಇಲ್ಲ.

ಹಾಗಾದ್ರೆ ಲಿಂಕನ್ ಮೋಸಗಾರ ಅಂತ ಹೇಳಿಕೊಡೋಣ್ವಾ? ನಮ್ಮ ಕೆಲವು ಗೆಳೆಯರು ಆ ಕಡೆಗೂ ವಾಲ್ತಾರೆ. ನಾನು ಒಪ್ಪಲ್ಲ. 1864ರ ಚುನಾವಣೆಯಲ್ಲಿ ಸೋಲೋ ಭಯ ಇದ್ದಾಗಲೂ ಅವನು ಕೊಟ್ಟ ಮಾತಿನಿಂದ ಹಿಂದೆ ಸರಿಯಲಿಲ್ಲ. ಗುಲಾಮಗಿರಿ ನಿಷೇಧಿಸೋ 13ನೇ ತಿದ್ದುಪಡಿ 1865ರ ಜನವರಿ 31ಕ್ಕೆ ಕೆಳಮನೆಯಲ್ಲಿ ಪಾಸಾಗೋ ಹಾಗೆ ಓಟುಗಳನ್ನ ಕೂಡಿಸಿದ. ಏಪ್ರಿಲ್ 11ರ ಭಾಷಣದಲ್ಲಿ, ಕೆಲವು ಕಪ್ಪು ಗಂಡಸರಿಗಾದ್ರೂ, ಅದರಲ್ಲೂ ಸೈನಿಕರಾಗಿದ್ದವರಿಗೆ ಮತದ ಹಕ್ಕು ಇರಲಿ ಅಂದ. ಕೇಳ್ತಾ ನಿಂತಿದ್ದವರಲ್ಲಿ ಜಾನ್ ವಿಲ್ಕ್ಸ್ ಬೂತ್ ಇದ್ದ. ಮೂರೇ ದಿನಕ್ಕೆ ಗುಂಡು ಹಾರಿಸಿದ. ತಳ್ಳಿದವರು ಇದ್ರು, ಅದಕ್ಕೆ ಲಿಂಕನ್ ಹೆಜ್ಜೆ ಹಾಕಿದ. ಹಾಕಿದ ಹೆಜ್ಜೆ ಹಿಂದಕ್ಕೆ ಇಡಲಿಲ್ಲ, ಅದು ಅವನ ದೊಡ್ಡತನ. ಇಷ್ಟು ಹೇಳಿದ್ರೆ ಅವನಿಗೇನೂ ಅವಮಾನ ಆಗಲ್ಲ. ಬಿಡುಗಡೆ ಅನ್ನೋದು ಯಾರದೋ ಔದಾರ್ಯ ಅಂತ ಕಲಿತ ಮಗು ಮಾತ್ರ ಮುಂದೆ ಸ್ಕಾಲರ್‌ಶಿಪ್ ತಡವಾದ್ರೂ ಕಚೇರಿ ಮುಂದೆ ಕೈಮುಗಿದುಕೊಂಡೇ ನಿಲ್ಲುತ್ತೆ. ನನಗೆ ಹೊಟ್ಟೆ ಉರಿಯೋದು ಅಲ್ಲಿ.

“ನಮಗ್ಯಾಕೆ ಅಮೆರಿಕದ ಉಸಾಬರಿ” ಅನ್ನೋರಿಗೆ ಉತ್ತರ ಜ್ಯೋತಿಬಾ ಫುಲೆ ಅವರದ್ದು. 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನ ಅವರು ಗುಲಾಮಗಿರಿ ಕೊನೆಗಾಣಿಸಲು ದುಡಿದ ಅಮೆರಿಕದ ಒಳ್ಳೆಯ ಜನರಿಗೆ ಅರ್ಪಿಸಿದ್ರು. ಗಮನಿಸಿ, ಅಧ್ಯಕ್ಷನಿಗಲ್ಲ, ಜನರಿಗೆ.

ಇನ್ನೊಂದು ಸಂಗತಿ. ವಾಷಿಂಗ್ಟನ್‌ನಲ್ಲಿ ನಿಂತ ಲಿಂಕನ್, ಅವನ ಮುಂದೆ ಮಂಡಿಯೂರಿದ ಕಪ್ಪು ಮನುಷ್ಯ ಇರೋ ಒಂದು ಪ್ರತಿಮೆ ಇದೆ. ಹಣ ಕೊಟ್ಟವರು ಬಿಡುಗಡೆಯಾದ ಗುಲಾಮರು. ಮೊದಲ 5 ಡಾಲರ್ ಷಾರ್ಲಟ್ ಸ್ಕಾಟ್ ಅನ್ನೋ ಹೆಣ್ಣುಮಗಳದ್ದು. ಆ ಮಂಡಿಯೂರಿದ ಭಂಗಿ ಮಾತ್ರ ಅವರನ್ನ ಕೇಳಿ ಮಾಡಿದ್ದಲ್ಲ. 1876ರ ಏಪ್ರಿಲ್ 14ರಂದು ಅದರ ಅನಾವರಣ. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು ದೊಡ್ಡ ಹೋರಾಟಗಾರನಾದ ಫ್ರೆಡರಿಕ್ ಡಗ್ಲಾಸ್ ಅವತ್ತಿನ ಭಾಷಣಕಾರ. ಅಧ್ಯಕ್ಷ ಗ್ರಾಂಟ್ ಎದುರಿಗೇ ಕೂತಿದ್ದಾಗ, ಲಿಂಕನ್ ಬಿಳಿಯರ ಅಧ್ಯಕ್ಷ, ನಾವು ಹೆಚ್ಚೆಂದರೆ ಅವನ ಮಲಮಕ್ಕಳು ಅನ್ನೋ ಅರ್ಥದ ಮಾತಾಡಿದ. ನಮ್ಮ ಕಣ್ಣಲ್ಲಿ ಅವನು ನಿಧಾನ, ಅವನ ದೇಶದ ಕಣ್ಣಲ್ಲಿ ಬಹಳ ವೇಗ ಅಂತಲೂ ತೂಗಿ ಹೇಳಿದ. ಅಷ್ಟಾದ ಮೇಲೂ ಅವನಿಗೆ ಕೃತಜ್ಞತೆ ಸಲ್ಲಿಸಿದ.

ಮುಂದಿನ ತಿಂಗಳು ಮಕ್ಕಳ ಜೊತೆ ಆ ಭಾಷಣ ಓದಬೇಕು ಅಂತಿದೀನಿ. ಆಮೇಲೆ 13ನೇ ತಿದ್ದುಪಡಿಯೊಳಗೇ ಉಳಿದ ಕಿಂಡಿ: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳಬಹುದು ಅನ್ನೋದು. ಅದನ್ನ ಹಿಡಿದುಕೊಂಡು ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನ ಅಲೆಮಾರಿಗಳು ಅಂತ ಹಿಡಿದು, ಕೈದಿಗಳಾಗಿ ಗುತ್ತಿಗೆಗೆ ಕೊಟ್ಟವು. ಅದಕ್ಕೇ ಎರಡು ಭಾನುವಾರ ಬೇಕು. ಡಗ್ಲಾಸ್ ಭಾಷಣವನ್ನ ಯಾರಾದ್ರೂ ಕನ್ನಡಕ್ಕೆ ತಂದಿದ್ರೆ ಇನ್‌ಬಾಕ್ಸ್‌ಗೆ ಕಳಿಸಿ. ಇಲ್ಲಾಂದ್ರೆ ಅನುವಾದಕ್ಕೆ ಜೊತೆಗೆ ಕೂರೋರು ಕೈ ಎತ್ತಿ.

ಜೈ ಭೀಮ್.