ರೆಗ್ಯುಲೇಟರ್ ಹಚ್ಚೋ ಕೈಗೆ ಕಾರಿನ ಕಾಯಿಲ್ ಏನ್ ಭಾರ?

ಅಕ್ಕಂದಿರ, ವೈನಿಗಳ, ಓಣಿಯ ಮೌಶಿಗಳ, ಈ ಸಲ ಹಪ್ಪಳ ಇಲ್ಲ, ಉಪ್ಪಿನಕಾಯಿ ಇಲ್ಲ. ಕಾರಿನ ಬಾನೆಟ್ ಎತ್ತೋ ವಿಚಾರ ಬರದೀನಿ. "ಅದು ಗಂಡಸರ ಕೆಲಸ, ನಮಗ್ಯಾಕ" ಅಂತ ಇಲ್ಲೇ ಮುಚ್ಚಿ ಇಡಬ್ಯಾಡ್ರಿ, ಪೂರ್ತಿ ಓದ್ರಿ.

ನನ್ನ ಮಾತು ಇಷ್ಟ. ಪೆಟ್ರೋಲ್ ಕಾರಿನ ಇಗ್ನಿಶನ್ ಕಾಯಿಲ್ ಬದಲಿ ಮಾಡೂದು ಮನಿ ಅಂಗಳದಾಗ ಆಗೋ ಕೆಲಸ. ಬದಲಿ ಮಾಡ್ಲಿಕ್ಕೆ ಮನಸ್ಸಿಲ್ಲಂದ್ರ ಬ್ಯಾಡ, ಆದ್ರ ಯಾವ ಕಾಯಿಲ್ ಕೆಟ್ಟದ ಅನ್ನೋದನ್ನ ನಾವ ನೋಡಿ ತಿಳಕೊಂಡ ಮ್ಯಾಲೆನ ಗ್ಯಾರೇಜಿಗೆ ರೊಕ್ಕ ಎಣಿಸ್ಬೇಕು.

ನಮ್ಮ ದಿನದ ಕೆಲಸ ಒಮ್ಮೆ ನೆನಸ್ರಿ. ಗ್ಯಾಸ್ ಸಿಲಿಂಡರ್ ಒಳಗ 14.2 ಕಿಲೋ ಗ್ಯಾಸ್ ಇರ್ತದ. ರಾತ್ರಿ ಸಾರು ಕುದಿಯೂವಾಗ ಅದು ತೀರಿದ್ರ ಯಾರನ್ನೂ ಕರಿಯೂದಿಲ್ಲ. ನಾವ ಹೊಸಾ ಸಿಲಿಂಡರ್ ಎಳಕೊಂಡು ಬರ್ತೇವಿ, ಒಳಗಿನ ರಬ್ಬರ್ ವಾಶರ್ ನೋಡ್ತೇವಿ, ರೆಗ್ಯುಲೇಟರ್ 'ಟಕ್' ಅಂತ ಕೂಡಿಸ್ತೇವಿ, ವಾಸನಿ ಬಂತೇನು ಅಂತ ಪರೀಕ್ಷಾ ಮಾಡ್ತೇವಿ. ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದ್ರ ಅದನ್ನೂ ನಾವ ಬದಲಿ ಮಾಡ್ತೇವಿ. ಇದಕ್ಕೆಲ್ಲ ಹೆದರದ ಕೈ, ಒಂದು ಬೋಲ್ಟು ಒಂದು ಪ್ಲಗ್ಗಿಗೆ ಯಾಕ ಹೆದರಬೇಕು?

ಈ ಕಾಯಿಲ್ ಅಂದ್ರೇನು ಹೇಳ್ತೀನಿ. ಪೆಟ್ರೋಲ್ ಎಂಜಿನ್ನಿನೊಳಗ ಗಾಳಿ-ಪೆಟ್ರೋಲ್ ಹೊತ್ತಬೇಕಂದ್ರ ಕಿಡಿ ಬೇಕು. ಕಿಡಿ ಹಾರಿಸೋದು ಸ್ಪಾರ್ಕ್ ಪ್ಲಗ್ಗು. ಆದ್ರ ಬ್ಯಾಟರಿಯ 12 ವೋಲ್ಟಿಗೆ ಕಿಡಿ ಹಾರೂದಿಲ್ಲ, ಅದನ್ನ 20,000 ವೋಲ್ಟಿಗಿಂತ ಮ್ಯಾಲೆ ಏರಿಸಿ ಕೊಡೋದ ಕಾಯಿಲಿನ ಕೆಲಸ. ಈಗಿನ ಭಾಳ ಪೆಟ್ರೋಲ್ ಕಾರಿನಾಗ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್, ಪ್ಲಗ್ಗಿನ ನೆತ್ತಿ ಮ್ಯಾಲೆನ ಕೂತಿರ್ತದ. ಎಂಜಿನ್ ನಿಮಿಷಕ್ಕ 2000 ಸುತ್ತು ತಿರುಗಿದ್ರ ಒಂದು ಸಿಲಿಂಡರಿನಾಗ 1000 ಸಲ ಕಿಡಿ ಹಾರಬೇಕು. ಬಿಸಿಯೊಳಗ ಇಷ್ಟು ದುಡದ ಮ್ಯಾಲೆ ಒಂದಿನ ಸೋಲೂದು ಸಹಜ. ಡೀಸಲ್ ಕಾರಿಗೆ ಮಾತ್ರ ಕಿಡಿನೂ ಬ್ಯಾಡ, ಈ ಕಾಯಿಲ್ಲೂ ಇಲ್ಲ.

ಕಾಯಿಲ್ ಕೆಟ್ರ ಗಾಡಿ ನಿಂತಲ್ಲೇ ನಡುಗ್ತದ, ಏರಿನಾಗ ಎಳಿಯೂದಿಲ್ಲ, ಹೊಗಿ ಕೊಳವಿ ಕಡೆ ಹಸಿ ಪೆಟ್ರೋಲಿನ ವಾಸನಿ ಬರ್ತದ. ಮೀಟರಿನಾಗ ಎಂಜಿನ್ ಚಿತ್ರದ ಹಳದಿ ದೀಪ ಹತ್ತತದ. ಆ ದೀಪ ಮಿಣಮಿಣ ಅಂತ ಬಡಕೊಳ್ಳಿಕ್ಕೆ ಹತ್ತಿದ್ರ, ಬಾಜೂಕ್ಕ ನಿಲ್ಲಿಸಿ ಎಂಜಿನ್ ಬಂದ್ ಮಾಡ್ರಿ. "ಮನಿ ಹತ್ರಾನ ಅದ, ಹೋಗಿಬಿಡೋಣ" ಅನಬ್ಯಾಡ್ರಿ. ಸುಡದ ಪೆಟ್ರೋಲ್ ಹೊಗಿ ಕೊಳವಿಯ ಕ್ಯಾಟಲಿಟಿಕ್ ಕನ್ವರ್ಟರಿನಾಗ ಹೋಗಿ ಉರದು ಅದನ್ನ ಹಾಳು ಮಾಡ್ತದ. ಅದರ ಬೆಲಿ ಕಾಯಿಲಿಗಿಂತ ಎಷ್ಟೋ ಪಟ್ಟು ಹೆಚ್ಚು.

ನಮ್ಮ ಗಾಡಿ ಮಳಿಗಾಲದಾಗ ಹಿಂಗ ನಡುಗಿದಾಗ, ಒಂದು ಗ್ಯಾರೇಜಿನಾಗ "ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ಗು ಬದಲಿ ಮಾಡ್ಬೇಕ್ರಿ" ಅಂದ್ರು. "ಕೆಟ್ಟದ್ದು ಯಾವುದ್ರಿ?" ಅಂತ ಕೇಳಿದೆ. "ಅದೆಲ್ಲಾ ನಿಮಗ ತಿಳಿಯೂದಿಲ್ಲ ಬಿಡ್ರಿ ಅಕ್ಕಾರ" ಅಂದ್ರು. ಗಾಡಿ ಮನಿಗೆ ತಂದೆ. ಸ್ಟೇರಿಂಗಿನ ಕೆಳಗ ಸಿಗಿಸೋ ಸಣ್ಣ ಸ್ಕ್ಯಾನರ್ ಅಣ್ಣನ ಮಗನ ಹತ್ರ ಇತ್ತು, ಮೊಬೈಲಿನಾಗ ತೋರಸ್ತದ. P0302 ಅಂತ ಬಂತು, ಅಂದ್ರ ಎರಡನೇ ಸಿಲಿಂಡರಿನಾಗ ಬೆಂಕಿ ಹತ್ತವಲ್ದು. ಎರಡನೇ ಕಾಯಿಲ್ ತಗದು ಮೂರಕ್ಕ, ಮೂರರದ್ದು ಎರಡಕ್ಕ ಹಾಕಿ, ಹಳೇ ಕೋಡ್ ಅಳಿಸಿ ಗಾಡಿ ಶುರು ಮಾಡಿದ್ವಿ. ಈಗ P0303 ಅಂತು. ತಪ್ಪು ಕಾಯಿಲಿನ ಬೆನ್ನ ಹತ್ತಿ ಹೋಗಿತ್ತು! ಒಂದ ಕಾಯಿಲ್ ತಂದು ಹಾಕಿದ್ವಿ, ಗಾಡಿ ಮೆತ್ತಗ ನಿಂತ್ತು. ಕೋಡ್ ಜಾಗಾ ಬಿಟ್ಟು ಕದಲದಿದ್ರ ದೋಷ ಪ್ಲಗ್ಗಿನದೋ ಮತ್ತೊಂದರದೋ ಇರ್ತದ, ಆಗ ಮೆಕ್ಯಾನಿಕ್ ಹತ್ರ ಹೋಗೂದ ಸರಿ.

ಮಾಡೂ ರೀತಿ ಇಷ್ಟ. ಎಂಜಿನ್ ಪೂರ್ತಿ ಆರಿರಬೇಕು. ಕೀಲಿ ತಗೀರಿ, ಬ್ಯಾಟರಿಯ ಮೈನಸ್ ವೈರ್ ಬಿಚ್ರಿ. ಉಂಗುರ, ಬಂಗಾರದ ಬಳಿ ತಗದಿಟ್ಟು, ತಾಳಿ ಸರ ಒಳಗ ಹಾಕಿ, ಸೆರಗು ಇಲ್ಲಾ ದುಪಟ್ಟಾ ಬಿಗದು ಕಟ್ಕೋರಿ. ಕಾಯಿಲಿನ ತುದಿಯ ವೈರಿನ ಕೊಂಡಿ ಒತ್ತಿ ಎಳೀರಿ, ಆದ್ರ ವೈರ್ ಹಿಡದು ಜಗ್ಗಬ್ಯಾಡ್ರಿ. ಸಾಮಾನ್ಯವಾಗಿ 10 ನಂಬರಿನ ಗೋಟಿ ಪಾನಾದಾಗ ಬೋಲ್ಟು ಬರ್ತದ. ಕಾಯಿಲನ್ನ ಸ್ವಲ್ಪ ಹೊಳ್ಳಿಸಿ ನೆಟ್ಟಗ ಮ್ಯಾಲೆ ಎತ್ರಿ. ಕುಣಿಯೊಳಗ ಎಣ್ಣಿ ತುಂಬಿದ್ರ ಅದು ಬ್ಯಾರೆ ರೋಗ, ತೋರಸ್ರಿ. ಹೊಸಾದು ಕೂಡಿಸೂವಾಗ ಬೋಲ್ಟು ಮೊದಲ ಕೈಲೆ ತಿರುವ್ರಿ, ಕಡೀಗೆ ಪಾನಾದಿಂದ ಹಗೂರಾಗಿ ಬಿಗೀರಿ. ಗಾಡಿ ವಾರಂಟಿಯೊಳಗ ಇದ್ರ ಮಾತ್ರ ಮುಟ್ಟಬ್ಯಾಡ್ರಿ. ಹೈಬ್ರಿಡ್ ಗಾಡಿಯ ಕೇಸರಿ ಬಣ್ಣದ ವೈರಿನ ಹತ್ರಾನೂ ಹೋಗಬ್ಯಾಡ್ರಿ.

"ಮೆಕ್ಯಾನಿಕ್ ಹೊಟ್ಟಿ ಮ್ಯಾಲೆ ಯಾಕ ಹೊಡೀತಿ?" ಅಂತ ನಮ್ಮ ಅತ್ತಿಯವರ ಕೇಳಿದ್ರು. ಖರೆ ಮಾತು, ಅವರ ಕೈ ಇಲ್ಲದ ನಮ್ಮ ಗಾಡಿ ನಡಿಯೂದಿಲ್ಲ. ಬ್ರೇಕು, ಸ್ಟೇರಿಂಗು, ಏರ್‌ಬ್ಯಾಗು, ಪೆಟ್ರೋಲ್ ಪೈಪು ನಾನು ಮುಟ್ಟೂದಿಲ್ಲ, ನೀವೂ ಮುಟ್ಟಬ್ಯಾಡ್ರಿ. ಗಾಡಿ ಭಾಳ ವರ್ಷದ್ದಿದ್ರ ನಾಲ್ಕೂ ಕಾಯಿಲ್ ಕೂಡೇ ಬದಲಿ ಮಾಡೂದರಾಗೂ ಅರ್ಥ ಅದ. ಆದ್ರ ಅದನ್ನ ತಿಳಿಸಿ ಹೇಳ್ಲಿ, ತಿಳಕೊಂಡು ನಾವು ಹೂಂ ಅಂತೇವಿ. ಛಲೋ ಮೆಕ್ಯಾನಿಕ್ಕಿಗೆ ತಿಳಕೊಂಡ ಗಿರಾಕಿ ಬಂದ್ರ ಸಿಟ್ಟು ಬರೂದಿಲ್ಲ.

ಇದು ಬರೇ ರೊಕ್ಕದ ಮಾತಲ್ಲ. ಈಗ ನಾವ ಮಕ್ಕಳನ್ನ ಕೂಡಿಸ್ಕೊಂಡು ಹುಬ್ಬಳ್ಳಿ, ಬೆಳಗಾವಿ ಅಂತ ಗಾಡಿ ಹೊಡೀತೇವಿ. ಅರ್ಧ ದಾರಿಯೊಳಗ ಗಾಡಿ ನಡುಗಿದ್ರ, ಇದು ನಿಲ್ಲಿಸೋ ಅಂಥಾದ್ದೋ ಹೋಗೋ ಅಂಥಾದ್ದೋ ಅನ್ನೋದು ಸ್ಟೇರಿಂಗ್ ಹಿಡದಾಕಿಗೆ ಗೊತ್ತಿರಬೇಕು. ಫೋನ್ ಹಚ್ಚಿದ್ರ ಮನ್ಯಾಗಿನವರು ಎತ್ತತಾರೋ ಇಲ್ಲೋ.

ಮೊದಲ ದಿನಾನ ಪಾನಾ ಹಿಡೀರಿ ಅಂತ ನಾ ಹೇಳೂದಿಲ್ಲ. ಈ ಆಯ್ತಾರ ಬಾನೆಟ್ ಎತ್ತಿ, ಎಂಜಿನ್ ಮ್ಯಾಲಿನ ಪ್ಲಾಸ್ಟಿಕ್ ಮುಚ್ಚಳ ತಗದು, ನಿಮ್ಮ ಗಾಡಿಗೆ ಎಷ್ಟು ಕಾಯಿಲ್ ಅವ ಎಣಿಸ್ರಿ. ಮೂರೋ, ನಾಲ್ಕೋ, ನನಗ ಬರದು ತಿಳಸ್ರಿ.